ಸಿಮಿಲಿಪಾಲದ ಕರಿಪಟ್ಟೆ ಹುಲಿಗಳು: ಪುಟ್ಟ ಸಂತತಿಯೊಂದರ ವಿಕಾಸದ ಪ್ರಕರಣ ಅಧ್ಯಯನ

ಒಡಿಶಾದ ಮಯೂರ್‌ಭಂಜ್ ಜಿಲ್ಲೆಯ ಸಿಮಿಲಿಪಾಲ ಅರಣ್ಯದ ಕ್ಯಾಮೆರಾ ಟ್ರ್ಯಾಪ್‌ಗಳಲ್ಲಿ ಸೆರೆಯಾದ ಕೆಲವು ಹುಲಿಗಳ ಚಿತ್ರವನ್ನು ಮೊದಲ ಸಲ ಕಂಡವರು ಅದು ಹುಲಿಯೇ ಹೌದೇ ಎಂದು ಮತ್ತೊಮ್ಮೆ ನೋಡುತ್ತಾರೆ. ಬೆನ್ನು, ಪಕ್ಕೆ ಮತ್ತು ತೊಡೆಗಳ ಮೇಲಿನ ಪಟ್ಟೆಗಳು ಅಗಲಗೊಂಡು, ಒಂದಕ್ಕೊಂದು ಬೆಸೆದುಕೊಂಡು ಹರಡಿರುತ್ತವೆ. ನಾವು ಬಲ್ಲ ಕೇಸರಿ ಬಣ್ಣ ಆ ಕಪ್ಪಿನ ಬಿರುಕುಗಳಲ್ಲಿ ಸಣ್ಣ ಗೆರೆಗಳಾಗಿ ಇಣುಕುತ್ತದೆ. ಪತ್ರಿಕೆಗಳು ಇವನ್ನು ಕಪ್ಪು ಹುಲಿಗಳೆಂದೇ ಕರೆಯುತ್ತವೆ. ಮೈಯೆಲ್ಲ ಕಪ್ಪಾಗಿರದೆ ಪಟ್ಟೆಗಳಷ್ಟೇ ದಪ್ಪವಾಗಿರುವುದರಿಂದ ವಿಜ್ಞಾನಿಗಳು ಈ ಗುಣವನ್ನು ಸ್ಯೂಡೋಮೆಲನಿಸಂ ಎನ್ನುತ್ತಾರೆ. ಕನ್ನಡದಲ್ಲಿ ಹುಸಿಗಪ್ಪು ಎಂದರೆ ಸರಿಹೋಗುತ್ತದೆ.

2021ರ ಸೆಪ್ಟೆಂಬರಿನಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಸಿಮಿಲಿಪಾಲದ ಹುಲಿಗಳಲ್ಲಿ ಸುಮಾರು 37 ಶೇಕಡಾ ಈ ಬಗೆಯವು. ಹುಲಿಗಳಿರುವ ಬೇರೆ ಯಾವ ಕಾಡಿನ ಕ್ಯಾಮೆರಾ ಟ್ರ್ಯಾಪ್ ಚಿತ್ರಗಳಲ್ಲೂ ಇಂಥ ಹುಲಿ ಕಂಡುಬಂದಿಲ್ಲ. ಒಂದು ಕಾಡಿನಲ್ಲಿ ಮೂರಕ್ಕೊಂದು, ಉಳಿದೆಡೆ ಒಂದೂ ಇಲ್ಲ ಎಂಬ ಈ ಅಂತರ ಹೇಗೆ ಬಂತು ಎಂಬುದೇ ಇಲ್ಲಿನ ಪ್ರಶ್ನೆ. ಅದಕ್ಕೆ ಉತ್ತರ ಹುಡುಕಿದ ತಂಡದ ನೇತೃತ್ವ ವಹಿಸಿದ್ದವರು ಬೆಂಗಳೂರಿನ ಜಿಕೆವಿಕೆ ಆವರಣದಲ್ಲಿರುವ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಉಮಾ ರಾಮಕೃಷ್ಣನ್ ಮತ್ತು ಅವರ ವಿದ್ಯಾರ್ಥಿ ವಿನಯ್ ಸಾಗರ್. ಒಂದೇ ಪ್ರಭೇದದ ಒಂದು ಸಂತತಿಯೊಳಗೆ, ಎಂದರೆ ಒಂದೆಡೆ ಬಾಳುತ್ತ ತಮ್ಮೊಳಗೇ ಕೂಡುವ ಗುಂಪಿನೊಳಗೆ, ತಲೆಮಾರಿನಿಂದ ತಲೆಮಾರಿಗೆ, ಒಂದು ವಂಶವಾಹಿಯ ಬೇರೆ ಬೇರೆ ರೂಪಗಳ ಪ್ರಮಾಣ ಬದಲಾಗುವುದನ್ನು ಸೂಕ್ಷ್ಮ ವಿಕಾಸ ಎನ್ನುತ್ತೇವೆ. ಅದು ನಡೆಯುವ ಬಗೆಯನ್ನು ತಿಳಿಯಲು ನಮ್ಮ ದೇಶದಲ್ಲಿ ಇದಕ್ಕಿಂತ ಸ್ಪಷ್ಟವಾದ ಪ್ರಕರಣ ನನಗೆ ಕಂಡಿಲ್ಲ.

ಮುಂದೆ ಹೋಗುವ ಮೊದಲು ಒಂದು ಪದದ ಬಗ್ಗೆ ಹೇಳಬೇಕು. ಕನ್ನಡದಲ್ಲಿ ವಿಕಾಸ ಎಂದರೆ ಅರಳುವುದು, ಬೆಳೆಯುವುದು, ಮೇಲಕ್ಕೇರುವುದು. ಜೀವವಿಕಾಸ ಎಂದ ಕೂಡಲೇ ಜೀವಿಯೊಂದು ತನ್ನ ಪರಿಸರಕ್ಕೆ ಹೆಚ್ಚು ಹೆಚ್ಚು ಒಗ್ಗುತ್ತ ಉತ್ತಮಗೊಳ್ಳುತ್ತದೆ ಎಂಬ ಚಿತ್ರ ಮನಸ್ಸಿಗೆ ಬರುವುದಕ್ಕೆ ಈ ಪದದ ಅರ್ಥವೂ ಒಂದು ಕಾರಣವಿರಬೇಕು. ಶಾಲೆಯಲ್ಲಿ ಕಲಿತ ಜಿರಾಫೆಯ ಕತ್ತು, ಪತಂಗದ ಬಣ್ಣ ಮುಂತಾದ ಉದಾಹರಣೆಗಳೂ ಆ ಚಿತ್ರವನ್ನೇ ಗಟ್ಟಿಗೊಳಿಸಿವೆ. ಸಿಮಿಲಿಪಾಲದ ಹುಲಿಗಳೂ ಬದಲಾಗಿವೆ, ಅದೂ ಕಣ್ಣಿಗೆ ಹೊಡೆಯುವಂತೆ. ಆದರೆ ಆ ಬದಲಾವಣೆಯಿಂದ ಹುಲಿಗಳಿಗೆ ಏನಾದರೂ ಒಳಿತಾಗಿದೆ ಎಂದು ತೋರಿಸುವ ಪುರಾವೆ ಇಲ್ಲ. ವಿಕಾಸ ಹೀಗೂ ನಡೆಯುತ್ತದೆ ಎಂಬುದನ್ನು ಒಪ್ಪಿಕೊಂಡರೆ ಮಾತ್ರ ಈ ಪ್ರಕರಣ ಅರ್ಥವಾಗುತ್ತದೆ.

ಕಾಡು ಮತ್ತು ಅದರ ಒಂಟಿತನ

ಸಿಮಿಲಿಪಾಲ ಹುಲಿ ಮೀಸಲು ಪ್ರದೇಶದ ವಿಸ್ತೀರ್ಣ ಸುಮಾರು 2750 ಚದರ ಕಿಲೋಮೀಟರ್. 1973ರಲ್ಲಿ ಹುಲಿ ಯೋಜನೆ ಆರಂಭವಾದಾಗ ಆಯ್ಕೆಯಾದ ಮೊದಲ ಒಂಬತ್ತು ಕಾಡುಗಳಲ್ಲಿ ನಮ್ಮ ಬಂಡೀಪುರದ ಜೊತೆಗೆ ಇದೂ ಇತ್ತು. ಅದಕ್ಕೂ ಮುಂಚೆ ಇದು ಮಯೂರ್‌ಭಂಜ್ ಸಂಸ್ಥಾನದ ಅರಸರ ಬೇಟೆಯ ಕಾಡು. ಅಲ್ಲಿನ ಮೊದಲ ಕ್ಷೇತ್ರ ನಿರ್ದೇಶಕರಾಗಿದ್ದ ಸರೋಜ್ ರಾಜ್ ಚೌಧುರಿ ಅವರು ಖೈರಿ ಎಂಬ ಹುಲಿಮರಿಯನ್ನು ಮನೆಯಲ್ಲೇ ಸಾಕಿದ ಕಥೆ ಹಳೆಯ ತಲೆಮಾರಿನ ಓದುಗರಿಗೆ ನೆನಪಿರಬಹುದು. ಹೆಜ್ಜೆಗುರುತಿನಿಂದ ಹುಲಿಗಳನ್ನು ಎಣಿಸುವ ವಿಧಾನವನ್ನು ರೂಪಿಸಿದವರೂ ಅವರೇ.

ಒಂದೇ ವರ್ಷ, ಒಂದೇ ಯೋಜನೆಯಡಿ ಆರಂಭವಾದ ಬಂಡೀಪುರ ಮತ್ತು ಸಿಮಿಲಿಪಾಲಗಳ ಹಾದಿ ಮುಂದೆ ಬೇರೆಬೇರೆಯಾಯಿತು. ಬಂಡೀಪುರದ ಹುಲಿಗೆ ನಾಗರಹೊಳೆ, ಮುದುಮಲೈ, ವಯನಾಡಿನ ಕಾಡುಗಳು ನೆರೆಮನೆ ಇದ್ದಂತೆ. ಅಲ್ಲಿ ಹುಟ್ಟಿದ ಗಂಡು ಮರಿ ಪ್ರಾಯಕ್ಕೆ ಬಂದು ತನ್ನ ಜಾಗ ಹುಡುಕಿಕೊಂಡು ಹೊರಟರೆ ಇನ್ನೊಂದು ಕಾಡಿನ ಹೆಣ್ಣು ಹುಲಿಯ ಜೊತೆ ಕೂಡುವ ಸಾಧ್ಯತೆ ಚೆನ್ನಾಗಿಯೇ ಇದೆ. 2022ರ ಗಣತಿಯಲ್ಲಿ ಕರ್ನಾಟಕದ ಹುಲಿಗಳ ಅಂದಾಜು ಸಂಖ್ಯೆ 563. ಅವುಗಳಲ್ಲಿ ಬಹುಪಾಲು ಹೀಗೆ ಒಂದಕ್ಕೊಂದು ತಾಗಿಕೊಂಡ ಕಾಡುಗಳಲ್ಲಿವೆ. ಸಿಮಿಲಿಪಾಲದ ಸುತ್ತ ಇರುವುದು ಗದ್ದೆ, ಊರು, ಗಣಿ, ರಸ್ತೆ, ರೈಲುಹಳಿ ಮತ್ತು ತುಂಡುತುಂಡಾದ ಕುರುಚಲು ಕಾಡು. ಮಧ್ಯ ಭಾರತದ ದೊಡ್ಡ ಹುಲಿ ಸಂತತಿಗಳಿಂದ ಅಲ್ಲಿಗೆ ಹುಲಿ ಬಂದು ಸೇರುವುದು ತೀರಾ ವಿರಳ. 2018ರ ಗಣತಿಯಲ್ಲಿ ಸಿಮಿಲಿಪಾಲದಲ್ಲಿ ಲೆಕ್ಕಕ್ಕೆ ಸಿಕ್ಕಿದ್ದು ಕೇವಲ 8 ಹುಲಿಗಳು. ಒಂದು ಕಾಲದಲ್ಲಿ ಹೆಜ್ಜೆಗುರುತುಗಳನ್ನು ನಂಬಿ ಹೇಳಲಾಗುತ್ತಿದ್ದ ದೊಡ್ಡ ಸಂಖ್ಯೆಗಳು ಕ್ಯಾಮೆರಾಗಳ ಮುಂದೆ ಕರಗಿಹೋದವು.

ಕರಿಪಟ್ಟೆಯ ಹುಲಿ ಈ ಸೀಮೆಗೆ ಹೊಸದಾಗಿ ಬಂದದ್ದಲ್ಲ. 1993ರಲ್ಲಿ ಕಾಡಂಚಿನ ಹಳ್ಳಿಯೊಂದರಲ್ಲಿ ಆತ್ಮರಕ್ಷಣೆಗಾಗಿ ಬಿಟ್ಟ ಬಾಣಕ್ಕೆ ಬಲಿಯಾದ ಹೆಣ್ಣು ಹುಲಿಯ ಚರ್ಮ ಇಂಥದ್ದೇ ಆಗಿತ್ತು. ಸುಮಾರು 2007ರ ಹೊತ್ತಿಗೆ ಕ್ಯಾಮೆರಾ ಟ್ರ್ಯಾಪ್‌ಗಳು ಬಂದ ಮೇಲೆ ಆಗೊಮ್ಮೆ ಈಗೊಮ್ಮೆ ಕೇಳಿಬರುತ್ತಿದ್ದ ಸುದ್ದಿ ದಾಖಲೆಯಾಯಿತು. ಹುಲಿಯ ಎರಡು ಪಕ್ಕೆಗಳ ಪಟ್ಟೆಗಳು ನಮ್ಮ ಹೆಬ್ಬೆರಳಿನ ಗುರುತಿನಂತೆ ಒಂದಕ್ಕಿಂತ ಒಂದು ಭಿನ್ನ. ಅದನ್ನೇ ಆಧಾರವಾಗಿಟ್ಟುಕೊಂಡು ಒಂದೊಂದು ಹುಲಿಯನ್ನೂ ಗುರುತಿಸಿ ಸಂಖ್ಯೆಯನ್ನು ಅಂದಾಜು ಮಾಡುವ ವಿಧಾನವನ್ನು ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು 1990ರ ದಶಕದಲ್ಲಿ ನಾಗರಹೊಳೆಯಲ್ಲಿ ನೆಲೆಗೊಳಿಸಿದ್ದರು. ಸಿಮಿಲಿಪಾಲದಲ್ಲಿ ಎಷ್ಟು ಹುಲಿ, ಅದರಲ್ಲಿ ಎಷ್ಟು ಕಪ್ಪು ಎಂದು ಇಂದು ಹೇಳಲು ಸಾಧ್ಯವಾಗಿರುವುದು ಆ ದಾರಿಯಿಂದಲೇ.

ಒಂದು ಅಕ್ಷರದ ವ್ಯತ್ಯಾಸ

ಕಾಡಿನ ಹುಲಿಗಳಲ್ಲಿ ತಂದೆ ಯಾವುದು, ತಾಯಿ ಯಾವುದು ಎಂಬುದು ಸಾಮಾನ್ಯವಾಗಿ ತಿಳಿಯುವುದಿಲ್ಲ. ಮೃಗಾಲಯಗಳಲ್ಲಿ ಅದರ ದಾಖಲೆ ಇರುತ್ತದೆ. ಹೀಗಾಗಿ ಕರಿಪಟ್ಟೆಯ ಕಾರಣವನ್ನು ಹುಡುಕಲು ತಂಡವು ಮೊದಲು ಮೃಗಾಲಯದ ಹುಲಿಗಳ ಮೊರೆಹೋಯಿತು. ಭುವನೇಶ್ವರದ ನಂದನಕಾನನ ಮತ್ತು ಚೆನ್ನೈ ಬಳಿಯ ಅರಿಜ್ಞರ್ ಅಣ್ಣಾ ಮೃಗಾಲಯಗಳಲ್ಲಿ ಕರಿಪಟ್ಟೆಯ ಹುಲಿಗಳಿದ್ದವು. ಅವುಗಳ ವಂಶಾವಳಿಯನ್ನು ಮುಂದಿಟ್ಟುಕೊಂಡು, ಇಡೀ ಜೀನೋಮನ್ನು, ಎಂದರೆ ಹುಲಿಯ ಡಿಎನ್‌ಎಯ ಪೂರ್ಣ ಬರಹವನ್ನು ಓದಿ, ಕರಿಪಟ್ಟೆ ಇರುವವುಗಳಲ್ಲಿ ಇದ್ದು ಉಳಿದವುಗಳಲ್ಲಿ ಇಲ್ಲದ ವ್ಯತ್ಯಾಸವನ್ನು ಹುಡುಕಿದಾಗ ಸಿಕ್ಕಿದ್ದು ಟ್ಯಾಕ್‌ಪೆಪ್ ಎಂಬ ವಂಶವಾಹಿ. ಅದರ 1360ನೆಯ ಸ್ಥಾನದಲ್ಲಿ ಸೈಟೋಸಿನ್ ಎಂಬ ಡಿಎನ್‌ಎ ಅಕ್ಷರ ಇರಬೇಕಾದೆಡೆ ಥೈಮಿನ್ ಎಂಬ ಇನ್ನೊಂದು ಅಕ್ಷರ ಬಂದಿದೆ. ಈ ಒಂದಕ್ಷರದ ಬದಲಾವಣೆಯಿಂದ ಆ ವಂಶವಾಹಿ ರೂಪಿಸುವ ಪ್ರೋಟೀನಿನ 454ನೆಯ ಕೊಂಡಿಯಲ್ಲಿ ಹಿಸ್ಟಿಡೀನ್ ಎಂಬ ಅಮೈನೋ ಆಮ್ಲದ ಬದಲು ಟೈರೊಸಿನ್ ಎಂಬ ಇನ್ನೊಂದು ಕೂರುತ್ತದೆ. ವಿವಿಧ ಪ್ರಾಣಿಗಳಲ್ಲಿ ಬದಲಾಗದೆ ಉಳಿದುಬಂದ ಸ್ಥಾನವಿದು. ಹಾಗೆ ಉಳಿದುಬಂದಿದೆ ಎಂಬುದೇ ಆ ಕೊಂಡಿ ಪ್ರೋಟೀನಿನ ಕೆಲಸಕ್ಕೆ ಮುಖ್ಯ ಎಂಬುದರ ಸೂಚನೆ.

ಟ್ಯಾಕ್‌ಪೆಪ್ ಹೆಸರು ಬೆಕ್ಕಿನ ಕುಟುಂಬದ ಪ್ರಾಣಿಗಳನ್ನು ಅಧ್ಯಯನ ಮಾಡುವ ವಿಜ್ಞಾನಿಗಳಿಗೆ ಪರಿಚಿತ. 2012ರಲ್ಲಿ, ಮುಂದೆ ಈ ಹುಲಿ ಅಧ್ಯಯನದಲ್ಲೂ ಪಾಲುಗೊಂಡ ಕ್ರಿಸ್ಟೋಫರ್ ಕೇಲಿನ್ ಮತ್ತು ಗ್ರೆಗೊರಿ ಬಾರ್ಶ್ ಅವರ ತಂಡ, ಮನೆಬೆಕ್ಕಿನ ಮೈಮೇಲಿನ ತೆಳುಗೆರೆಗಳು ಸುರುಳಿಯಂಥ ದಪ್ಪ ಮಚ್ಚೆಗಳಾಗುವುದಕ್ಕೂ, ಆಫ್ರಿಕಾದ ಕೆಲವು ಚೀತಾಗಳ ಚುಕ್ಕೆಗಳು ಕೂಡಿಕೊಂಡು ಅವು ರಾಜಚೀತಾ ಎನಿಸಿಕೊಳ್ಳುವುದಕ್ಕೂ ಇದೇ ವಂಶವಾಹಿಯ ಬದಲಾವಣೆಗಳು ಕಾರಣವೆಂದು ತೋರಿಸಿತ್ತು. ಮರಿ ಇನ್ನೂ ತಾಯಿಯ ಗರ್ಭದಲ್ಲಿರುವಾಗಲೇ, ಬಣ್ಣ ಮೂಡುವುದಕ್ಕೆ ಮೊದಲೇ, ಚರ್ಮದಲ್ಲಿ ಎಲ್ಲಿ ಕಪ್ಪು ಬರಬೇಕು, ಎಲ್ಲಿ ಬರಬಾರದು ಎಂಬ ನಕ್ಷೆಯೊಂದು ಸಿದ್ಧವಾಗುತ್ತದೆ. ಆ ನಕ್ಷೆಯ ಗೆರೆಗಳ ಅಂತರವನ್ನು ನಿರ್ಧರಿಸುವುದರಲ್ಲಿ ಟ್ಯಾಕ್‌ಪೆಪ್‌ಗೆ ಪಾತ್ರವಿದೆ. ಅದು ಕೆಟ್ಟಾಗ ಗೆರೆಗಳು ತಮ್ಮ ಎಲ್ಲೆ ಮೀರಿ ಹರಡುತ್ತವೆ. ಬೆಕ್ಕು, ಚೀತಾ, ಹುಲಿ ಮೂರರಲ್ಲೂ ಪರಿಣಾಮ ಒಂದೇ ಬಗೆಯದಾಗಿರುವುದರಿಂದ ಈ ಗುರುತಿಸುವಿಕೆಯನ್ನು ನಂಬಲು ಬಲವಾದ ಕಾರಣವಿದೆ.

ಈ ಗುಣ ಶಾಲಾ ಪಠ್ಯದ ಭಾಷೆಯಲ್ಲಿ ದುರ್ಬಲ ಗುಣ. ಮರಿಗೆ ತಂದೆಯಿಂದ ಒಂದು, ತಾಯಿಯಿಂದ ಒಂದು, ಹೀಗೆ ಬದಲಾದ ಪ್ರತಿ ಎರಡೂ ಕಡೆಯಿಂದ ಬಂದರೆ ಮಾತ್ರ ಪಟ್ಟೆಗಳು ಕೂಡಿಕೊಳ್ಳುತ್ತವೆ. ಒಂದೇ ಪ್ರತಿ ಇರುವ ಹುಲಿಯ ಮೈ ಎಲ್ಲ ಹುಲಿಗಳ ಹಾಗೆಯೇ ಇರುತ್ತದೆ. ಆದರೆ ಅದು ಆ ಪ್ರತಿಯನ್ನು ಗುಟ್ಟಾಗಿ ಹೊತ್ತು ತನ್ನ ಮರಿಗಳಲ್ಲಿ ಸರಾಸರಿ ಅರ್ಧದಷ್ಟಕ್ಕೆ ದಾಟಿಸುತ್ತದೆ. ಮುಂದಿನ ಚರ್ಚೆಯೆಲ್ಲ ಈ ಗುಟ್ಟಿನ ಮೇಲೆ ನಿಂತಿದೆ.

ಕಾಡಿನ ಲೆಕ್ಕ

ಕಾರಣ ಗೊತ್ತಾದ ಮೇಲೆ ತಂಡ ಕಾಡಿನ ಕಡೆ ತಿರುಗಿತು. ಹುಲಿಗಳನ್ನು ಹಿಡಿಯದೆ, ಮುಟ್ಟದೆ, ಅವು ಬಿಟ್ಟುಹೋದ ಹಿಕ್ಕೆ, ಉದುರಿದ ಕೂದಲು ಮುಂತಾದವುಗಳಿಂದಲೇ ಡಿಎನ್‌ಎ ತೆಗೆದು ಪರೀಕ್ಷಿಸಲಾಯಿತು. ಸಿಮಿಲಿಪಾಲದ 12 ಹುಲಿಗಳಲ್ಲಿ ಬದಲಾದ ಪ್ರತಿಯ ಪ್ರಮಾಣ 0.58. ಪ್ರತಿ ಹುಲಿಗೆ ಎರಡು ಪ್ರತಿಗಳಂತೆ ಒಟ್ಟು 24ರಲ್ಲಿ 14 ಎಂದು ಇದರ ಅರ್ಥ. ಇತರ ಸಂತತಿಗಳಿಗೆ ಸೇರಿದ 395 ಹುಲಿಗಳಲ್ಲಿ ಅದರ ಸುಳಿವೇ ಇರಲಿಲ್ಲ.

ಈ ಸಂಖ್ಯೆಯನ್ನು ಕ್ಯಾಮೆರಾದ ಲೆಕ್ಕದ ಪಕ್ಕದಲ್ಲಿಟ್ಟು ನೋಡಬಹುದು. ಹುಲಿಗಳು ಪಟ್ಟೆಯನ್ನು ನೋಡದೆ ಜೋಡಿಯಾಗುತ್ತವೆ ಎಂದಿಟ್ಟುಕೊಂಡರೆ ಎರಡೂ ಪ್ರತಿಗಳು ಬದಲಾದವೇ ಆಗಿರುವ ಮರಿಗಳ ಪಾಲು 0.58ನ್ನು 0.58ರಿಂದ ಗುಣಿಸಿದಷ್ಟು, ಎಂದರೆ ಸುಮಾರು 0.34. ಮೂರರಲ್ಲಿ ಒಂದು. ಕ್ಯಾಮೆರಾಗಳು ತೋರಿಸಿದ 37 ಶೇಕಡಾ ಇದಕ್ಕೆ ತೀರ ಹತ್ತಿರದಲ್ಲಿದೆ. ಹಿಕ್ಕೆಯಿಂದ ಬಂದ ಲೆಕ್ಕ ಮತ್ತು ಚಿತ್ರದಿಂದ ಬಂದ ಲೆಕ್ಕ ಬೇರೆ ಬೇರೆ ದಾರಿಯಲ್ಲಿ ಬಂದು ಒಂದೆಡೆ ಕೂಡುವುದನ್ನು ಕಂಡಾಗ ಆಗುವ ತೃಪ್ತಿಯೇ ಬೇರೆ.

ಆ ಬಳಿಕ ಬಂದ ಎಣಿಕೆಗಳನ್ನು ಮಾತ್ರ ಎಚ್ಚರದಿಂದ ಓದಬೇಕು. 2022ರ ಗಣತಿಯಲ್ಲಿ ಸಿಮಿಲಿಪಾಲದಲ್ಲಿ ದಾಖಲಾದ 16 ಹುಲಿಗಳಲ್ಲಿ 10 ಕರಿಪಟ್ಟೆಯವು ಎಂದು ಕೇಂದ್ರ ಸರ್ಕಾರ ಸಂಸತ್ತಿಗೆ ತಿಳಿಸಿತು. ಒಡಿಶಾ ಅರಣ್ಯ ಇಲಾಖೆ 2023-24ರಲ್ಲಿ ಸ್ವಂತವಾಗಿ ನಡೆಸಿದ ಎಣಿಕೆಯಲ್ಲಿ 27 ವಯಸ್ಕ ಹುಲಿಗಳಿದ್ದು ಅವುಗಳಲ್ಲಿ 13 ಕರಿಪಟ್ಟೆಯವು. 37, ನಂತರ 62, ನಂತರ 48 ಶೇಕಡಾ ಎಂದು ಸಾಲಾಗಿ ಬರೆದರೆ ಏನೋ ವೇಗವಾಗಿ ಏರಿ ಇಳಿಯುತ್ತಿರುವಂತೆ ತೋರುತ್ತದೆ. ಆದರೆ ಹುಲಿಗಳ ಒಂದು ತಲೆಮಾರು ಉರುಳಲು ಸುಮಾರು ಐದು ವರ್ಷ ಬೇಕು. ಎಣಿಕೆಯ ವ್ಯಾಪ್ತಿ, ಕ್ಯಾಮೆರಾಗಳ ಸಂಖ್ಯೆ, ಯಾವ ವಯಸ್ಸಿನವನ್ನು ಲೆಕ್ಕಕ್ಕೆ ಹಿಡಿದರು ಎಂಬುದೆಲ್ಲ ಸಲದಿಂದ ಸಲಕ್ಕೆ ಬದಲಾಗುತ್ತದೆ. ಎಂಟರಲ್ಲಿ ಮೂರು ಇದ್ದದ್ದು ನಾಲ್ಕಾದರೆ ಶೇಕಡಾವಾರು 37ರಿಂದ 50ಕ್ಕೆ ಜಿಗಿಯುತ್ತದೆ. ಇಷ್ಟು ಚಿಕ್ಕ ಸಂಖ್ಯೆಗಳಿಂದ ಎರಡು ಗಣತಿಗಳ ನಡುವಿನ ವಿಕಾಸದ ದಿಕ್ಕನ್ನು ಹೇಳಲು ಹೊರಡುವುದು ದುಡುಕು. ಕರಿಪಟ್ಟೆ ಅಲ್ಲಿ ಅಪರೂಪವಲ್ಲ ಎಂಬುದಷ್ಟನ್ನು ಮೂರೂ ಎಣಿಕೆಗಳು ಒಮ್ಮತದಿಂದ ಹೇಳುತ್ತವೆ.

ಆಯ್ಕೆಯೋ, ಆಕಸ್ಮಿಕವೋ

ಒಂದು ಸಂತತಿಯಲ್ಲಿ ವಂಶವಾಹಿಯೊಂದರ ರೂಪಗಳ ಪ್ರಮಾಣ ಬದಲಾಗಲು ಬೇಕಾಗುವ ಕಾರಣಗಳು ಹೆಚ್ಚಿಲ್ಲ. ಹೊಸ ರೂಪ ಹುಟ್ಟಬೇಕು, ಅಂದರೆ ಉತ್ಪರಿವರ್ತನೆ ಆಗಬೇಕು. ಅಥವಾ ಹೊರಗಿನಿಂದ ಬರುವ ಪ್ರಾಣಿ ಅದನ್ನು ತರಬೇಕು. ಹೀಗೆ ಬಂದ ರೂಪ ಹೊತ್ತವರಿಗೆ ಲಾಭವಾಗಿ ಅವರ ಸಂತಾನ ಹೆಚ್ಚಬೇಕು, ಇದು ನಿಸರ್ಗದ ಆಯ್ಕೆ. ಇದಾವುದೂ ಇಲ್ಲದೆ ಕೇವಲ ಅದೃಷ್ಟದಿಂದಲೂ ಅದು ಏರಬಹುದು ಅಥವಾ ಅಳಿಯಬಹುದು. ಈ ಕೊನೆಯದಕ್ಕೆ ಜೆನೆಟಿಕ್ ಡ್ರಿಫ್ಟ್ ಎಂಬ ಹೆಸರಿದೆ; ವಂಶವಾಹಿಗಳ ಆಕಸ್ಮಿಕ ಅಲೆತ ಎನ್ನಬಹುದು.

ಸಿಮಿಲಿಪಾಲದ ಹುಲಿಗಳ ವಿಷಯದಲ್ಲಿ ಎಲ್ಲರ ಬಾಯಿಗೂ ಮೊದಲು ಬರುವ ವಿವರಣೆ ಆಯ್ಕೆಯದು. ದಟ್ಟ ಕಾಡು, ಕಡಿಮೆ ಬೆಳಕು. ಕಪ್ಪಗಿರುವ ಹುಲಿ ಬೇಟೆಗೆ ಹೊಂಚುಹಾಕುವಾಗ ಜಿಂಕೆಯ ಕಣ್ಣಿಗೆ ಸುಲಭವಾಗಿ ಬೀಳದು. ಹೀಗಾಗಿ ಕಪ್ಪು ಹೆಚ್ಚಿತು. ಕೇಳಲು ಇದು ಸಹಜವಾಗಿದೆ, ಅಸಾಧ್ಯವೂ ಅಲ್ಲ. ಆದರೆ ಸಹಜವಾಗಿ ಕೇಳಿಸುವುದು ಒಂದು, ಪುರಾವೆ ಇರುವುದು ಇನ್ನೊಂದು. ಇಲ್ಲಿ ಈ ವಿವರಣೆಗೆ ಎರಡು ದೊಡ್ಡ ತೊಡಕುಗಳಿವೆ.

ಮೊದಲನೆಯ ತೊಡಕು ದುರ್ಬಲ ಗುಣದ ಸ್ವಭಾವದಲ್ಲೇ ಇದೆ. ಬದಲಾದ ಪ್ರತಿ ಅಪರೂಪವಾಗಿರುವಾಗ ಅದು ಹೆಚ್ಚುಕಡಿಮೆ ಯಾವಾಗಲೂ ಸಾಮಾನ್ಯ ಪಟ್ಟೆಯ ಹುಲಿಯೊಳಗೆ ಅಡಗಿರುತ್ತದೆ. ಪ್ರತಿಗಳಲ್ಲಿ ನೂರಕ್ಕೆ ಐದು ಮಾತ್ರ ಬದಲಾದವು ಎಂದರೆ ಮುಕ್ತವಾಗಿ ಜೋಡಿಯಾಗುವ ದೊಡ್ಡ ಸಂತತಿಯಲ್ಲಿ 400 ಹುಲಿಗಳಿಗೆ ಒಂದು ಮಾತ್ರ ಕರಿಪಟ್ಟೆಯದಾಗಿ ಹುಟ್ಟುತ್ತದೆ. ಕಣ್ಣಿಗೆ ಕಾಣದ ಗುಣವನ್ನು ಆಯ್ಕೆ ಮಾಡಲು ನಿಸರ್ಗಕ್ಕೆ ಆಗುವುದಿಲ್ಲ. ಜಿಂಕೆ ನೋಡುವುದು ಮೈಯ ಪಟ್ಟೆಯನ್ನೇ ಹೊರತು ವಂಶವಾಹಿಯನ್ನಲ್ಲ. ಆದ್ದರಿಂದ ಕಪ್ಪಿನಿಂದ ಲಾಭವಿದ್ದರೂ, ಆ ಲಾಭ ಕೆಲಸ ಮಾಡಲು ತೊಡಗುವ ಮೊದಲೇ ಬೇರೇನೋ ಒಂದು ಬದಲಾದ ಪ್ರತಿಯನ್ನು ಗಮನಾರ್ಹ ಪ್ರಮಾಣಕ್ಕೆ ಎತ್ತಿರಬೇಕು. ಪುಟ್ಟ ಸಂತತಿಯಲ್ಲಿ ಹತ್ತಿರದ ಸಂಬಂಧಿಗಳೇ ಕೂಡುವುದರಿಂದ ಅಡಗಿದ್ದ ಗುಣ ಬೇಗ ಹೊರಬೀಳುತ್ತದೆ ಎಂಬುದು ನಿಜ. ಆದರೆ ಆ ವಾದವೂ ನಮ್ಮನ್ನು ಸಂತತಿಯ ಚಿಕ್ಕತನದ ಕಡೆಗೇ ಕರೆದೊಯ್ಯುತ್ತದೆ.

ಎರಡನೆಯದು ಅಧ್ಯಯನದ ಮಾಪನದಿಂದ ಬಂದದ್ದು. ಎರಡು ಸಂತತಿಗಳು ಜೀನೋಮಿನ ಒಂದು ಸ್ಥಾನದಲ್ಲಿ ಎಷ್ಟು ಭಿನ್ನ ಎಂಬುದನ್ನು ಅಳೆಯುವ ಸೂಚ್ಯಂಕವೊಂದಿದೆ. ಟ್ಯಾಕ್‌ಪೆಪ್‌ನ ಈ ಸ್ಥಾನದಲ್ಲಿ ಅದು 0.33, ಎಂದರೆ ಹೆಚ್ಚೇ. ಆಯ್ಕೆಯು ಈ ಒಂದು ಸ್ಥಾನದ ಮೇಲೆ ಕೆಲಸ ಮಾಡಿದ್ದರೆ ಇಲ್ಲಿನ ಭಿನ್ನತೆ ಜೀನೋಮಿನ ಉಳಿದ ಸ್ಥಾನಗಳ ಭಿನ್ನತೆಗಿಂತ ಎದ್ದು ಕಾಣಬೇಕಾಗಿತ್ತು. ಹಾಗೆ ಕಾಣಲಿಲ್ಲ. ಸಿಮಿಲಿಪಾಲದ ಹುಲಿಗಳು ಕರಿಪಟ್ಟೆಯ ವಿಷಯದಲ್ಲಿ ಎಷ್ಟು ಬೇರೆಯಾಗಿವೆಯೋ, ಯಾರ ಕಣ್ಣಿಗೂ ಕಾಣದ, ಯಾವ ಲಾಭನಷ್ಟವೂ ಇಲ್ಲದ ಇತರ ಸ್ಥಾನಗಳಲ್ಲೂ ಅದೇ ಬಗೆಯಲ್ಲಿ ಬೇರೆಯಾಗಿವೆ. ಊರಿನ ಎಲ್ಲ ಮನೆಗಳ ಗೋಡೆಯೂ ಬಿರುಕುಬಿಟ್ಟಿರುವಾಗ ಒಂದು ಮನೆಯ ಬಿರುಕಿಗೆ ಮಾತ್ರ ವಿಶೇಷ ಕಾರಣ ಹುಡುಕುವ ಅಗತ್ಯ ಬೀಳುವುದಿಲ್ಲ. ಇದರ ಜೊತೆಗೆ, ಪರಿಶೀಲಿಸಿದ 81 ಸ್ಥಾನಗಳಲ್ಲಿ ಈ ಹುಲಿಗಳ ವೈವಿಧ್ಯವೂ ಕಡಿಮೆ ಇತ್ತು; ಎರಡು ಪ್ರತಿಗಳು ಭಿನ್ನವಾಗಿರುವ ಸರಾಸರಿ ಪ್ರಮಾಣ 0.28 ಮಾತ್ರ. ಕೆಲವೇ ಪೂರ್ವಜರಿಂದ ಬಂದು, ಹೊರಗಿನ ನಂಟು ಕಡಿದುಕೊಂಡ ಸಂತತಿಯ ಲಕ್ಷಣವಿದು.

ಹಾಗಾದರೆ ಬರೀ ಆಕಸ್ಮಿಕದಿಂದ ಇಷ್ಟು ದೊಡ್ಡ ಬದಲಾವಣೆ ಆಗಬಲ್ಲುದೇ? ನಮ್ಮ ಬಯಲುಸೀಮೆಯ ಹೊಲದ ಒಂದು ಲೆಕ್ಕದಿಂದ ಇದನ್ನು ನೋಡಬಹುದು. ಒಂದು ಮೂಟೆ ಅವರೆಯಲ್ಲಿ ನೂರಕ್ಕೆ ಐದು ಕಾಳು ಕಪ್ಪಗಿವೆ ಎಂದುಕೊಳ್ಳೋಣ. ರೈತನೊಬ್ಬ ಕಣ್ಣುಮುಚ್ಚಿ 2000 ಕಾಳನ್ನು ಬಿತ್ತನೆಗೆ ತೆಗೆದರೆ ಅದರಲ್ಲಿ ಸುಮಾರು 100 ಕಪ್ಪು ಕಾಳು ಬರುತ್ತವೆ. 80ಕ್ಕಿಂತ ಕಡಿಮೆಯೋ 120ಕ್ಕಿಂತ ಹೆಚ್ಚೋ ಬರುವುದು ಅಪರೂಪ. ಬೆಳೆಯಲ್ಲೂ ಕಪ್ಪು ಕಾಳಿನ ಪಾಲು ನೂರಕ್ಕೆ ಐದರ ಆಸುಪಾಸಿನಲ್ಲೇ ಇರುತ್ತದೆ. ಇನ್ನೊಬ್ಬನಿಗೆ ಸಿಕ್ಕಿದ್ದು 20 ಕಾಳು ಮಾತ್ರ. ಲೆಕ್ಕದ ಪ್ರಕಾರ ಒಂದು ಕಪ್ಪು ಬರಬೇಕು. ಆದರೆ ಇಂಥ ನೂರು ರೈತರಲ್ಲಿ ಸುಮಾರು 36 ಮಂದಿಗೆ ಒಂದೂ ಬರುವುದಿಲ್ಲ. ಅವರ ಹೊಲದಲ್ಲಿ ಕಪ್ಪು ಅವರೆಯ ಕಥೆ ಆ ವರ್ಷವೇ ಮುಗಿಯಿತು. ಸುಮಾರು 26 ಮಂದಿಗೆ ಎರಡು ಅಥವಾ ಹೆಚ್ಚು ಬರುತ್ತವೆ. ಅವರ ಹೊಲದಲ್ಲಿ ಕಪ್ಪು ಒಂದೇ ಏಟಿಗೆ ಇಮ್ಮಡಿಯೋ ಮುಮ್ಮಡಿಯೋ ಆಯಿತು. ಯಾವ ಕಾಳೂ ಇನ್ನೊಂದಕ್ಕಿಂತ ಚೆನ್ನಾಗಿ ಮೊಳೆತದ್ದಲ್ಲ. ಮುಂದಿನ ವರ್ಷದ 20 ಕಾಳನ್ನು ಈ ಬೆಳೆಯಿಂದಲೇ ತೆಗೆಯುತ್ತಾರೆ. ಮೂಲದ ಮೂಟೆಗೆ ಮರಳಿ ಹೋಗುವುದಿಲ್ಲ. ಈ ವರ್ಷದ ಆಕಸ್ಮಿಕವೇ ಬರುವ ವರ್ಷದ ಮೂಲಬೀಜ.

ಹತ್ತು ಹುಲಿಗಳ ಕಾಡು ಎಂದರೆ 20 ಕಾಳಿನ ಬಿತ್ತನೆ. ಅದರಲ್ಲೂ ಎಲ್ಲ ಹುಲಿಗಳೂ ಸಮಾನವಾಗಿ ಮರಿಹಾಕುವುದಿಲ್ಲ. ಒಂದು ಬಲಿಷ್ಠ ಗಂಡು ಮೂರು ನಾಲ್ಕು ಹೆಣ್ಣುಗಳ ಸೀಮೆಯನ್ನು ತನ್ನ ವಶದಲ್ಲಿಟ್ಟುಕೊಂಡು ವರ್ಷಗಟ್ಟಲೆ ಇತರ ಗಂಡುಗಳನ್ನು ದೂರವಿಡಬಲ್ಲುದು. ಅದು ಬದಲಾದ ಪ್ರತಿಯನ್ನು ಹೊತ್ತಿದ್ದರೆ ಒಂದು ತಲೆಮಾರಿನಲ್ಲೇ ಕಾಡಿನ ಲೆಕ್ಕ ಪಲ್ಲಟವಾಗುತ್ತದೆ. ಹೊತ್ತಿಲ್ಲದಿದ್ದರೆ ಇನ್ನೊಂದು ದಿಕ್ಕಿಗೆ. ಹೀಗಾಗಿ ವಿಕಾಸದ ಲೆಕ್ಕಕ್ಕೆ ಬರುವ ಸಂಖ್ಯೆ ಗಣತಿಯ ಸಂಖ್ಯೆಗಿಂತಲೂ ಚಿಕ್ಕದು. ಆ ಪರಿಣಾಮಕಾರಿ ಸಂಖ್ಯೆ 10 ಇದ್ದಲ್ಲಿ ಪ್ರತಿ ತಲೆಮಾರಿನಲ್ಲೂ ಸಂತತಿ ತನ್ನ ಉಳಿದ ಆನುವಂಶಿಕ ವೈವಿಧ್ಯದ ಇಪ್ಪತ್ತರಲ್ಲಿ ಒಂದು ಪಾಲನ್ನು ಕಳೆದುಕೊಳ್ಳುತ್ತದೆ. 1000 ಇದ್ದಲ್ಲಿ ಎರಡು ಸಾವಿರದಲ್ಲಿ ಒಂದು ಪಾಲನ್ನು. ಇಷ್ಟು ಪುಟ್ಟ ಸಂತತಿಯಲ್ಲಿ ನೂರಕ್ಕೆ ಎರಡು ಮೂರರಷ್ಟು ಸಣ್ಣ ಲಾಭವಿರುವ ಗುಣವನ್ನು ಆಯ್ಕೆ ಕೈಹಿಡಿದು ನಡೆಸಲಾರದು. ಅದೃಷ್ಟದ ಏರಿಳಿತದಲ್ಲಿ ಆ ಲಾಭ ಮುಳುಗಿಹೋಗುತ್ತದೆ.

ವಿನಯ್ ಸಾಗರ್ ಮತ್ತು ಸಂಗಡಿಗರು ಕಂಪ್ಯೂಟರಿನಲ್ಲಿ ಇಂಥ ಬಿತ್ತನೆಯನ್ನು ಮತ್ತೆ ಮತ್ತೆ ನಡೆಸಿ ನೋಡಿದರು. ಕೆಲವೇ ಹುಲಿಗಳಿಂದ ಸಂತತಿ ಆರಂಭವಾಗಿ, ನಂತರ ಆಕಸ್ಮಿಕ ಅಲೆತ ನಡೆದರೆ, ಸಿಮಿಲಿಪಾಲದಲ್ಲಿ ಹೆಚ್ಚು, ಉಳಿದೆಡೆ ಶೂನ್ಯ ಎಂಬ ಚಿತ್ರ ಮೂಡಬಲ್ಲುದೆಂದು ಆ ಲೆಕ್ಕಾಚಾರ ತೋರಿಸಿತು. ಆಯ್ಕೆ ಇರಲೇ ಇಲ್ಲ ಎಂದು ಇದರಿಂದ ಸಾಬೀತಾಗುವುದಿಲ್ಲ. 12 ಹುಲಿಗಳ ಮಾದರಿಯಿಂದ ಅಷ್ಟು ದೊಡ್ಡ ಮಾತನ್ನು ಆಡಲೂ ಬಾರದು. ಕಂಡದ್ದನ್ನು ವಿವರಿಸಲು ಆಯ್ಕೆಯ ನೆರವು ಬೇಕಿಲ್ಲ ಎಂಬಷ್ಟಕ್ಕೆ ಅವರು ನಿಂತರು. ಆ ಸಂಯಮ ನನಗೆ ಈ ಕೆಲಸದಲ್ಲಿ ತುಂಬ ಮೆಚ್ಚುಗೆಯಾದ ಅಂಶ.

ಕರ್ನಾಟಕದ ಓದುಗರಿಗೆ ಇಲ್ಲಿ ಕಬಿನಿಯ ಕರಿ ಚಿರತೆ ನೆನಪಾಗುವುದು ಸಹಜ. ಅದರ ಕಥೆ ಬೇರೆ. ಚಿರತೆಯ ಕಪ್ಪಿಗೆ ಕಾರಣ ಇನ್ನೊಂದು ವಂಶವಾಹಿ. ಅಲ್ಲಿ ಚುಕ್ಕೆಗಳು ಕೂಡಿಕೊಳ್ಳುವುದಿಲ್ಲ, ಮೈಯ ಹಿನ್ನೆಲೆಯ ಬಣ್ಣವೇ ಕಪ್ಪಾಗುತ್ತದೆ, ಓರೆಬಿಸಿಲಿನಲ್ಲಿ ಒಳಗಿನ ಚುಕ್ಕೆಗಳು ಕಾಣುತ್ತವೆ. ಕರಿ ಚಿರತೆಗಳು ಒಂದೇ ಕಾಡಿಗೆ ಸೀಮಿತವಾಗಿಲ್ಲ. ಏಷ್ಯಾದ ಹಲವು ದೇಶಗಳ ತೇವದ ದಟ್ಟ ಕಾಡುಗಳಲ್ಲಿ ಅವು ಹೆಚ್ಚಾಗಿಯೂ, ಬಯಲು ಒಣಪ್ರದೇಶಗಳಲ್ಲಿ ಅಪರೂಪವಾಗಿಯೂ ಕಾಣಸಿಗುತ್ತವೆ. ದೂರದೂರದ ಸಂತತಿಗಳಲ್ಲಿ ಪರಿಸರಕ್ಕೆ ತಕ್ಕಂತೆ ಒಂದೇ ವಿನ್ಯಾಸ ಮರುಕಳಿಸುವಾಗ ಆಯ್ಕೆಯ ಕೈವಾಡವನ್ನು ಊಹಿಸಲು ಆಧಾರವಿರುತ್ತದೆ. ಒಂದೇ ಒಂದು ಒಂಟಿ ಕಾಡಿನಲ್ಲಿ ಕಂಡದ್ದಕ್ಕೆ ಆ ಆಧಾರವಿಲ್ಲ. ಬಣ್ಣ ಒಂದೇ ಎಂದ ಮಾತ್ರಕ್ಕೆ ಕಾರಣ ಒಂದೇ ಆಗಬೇಕಾಗಿಲ್ಲ.

ಜಮುನಾ, ಜೀನತ್ ಮತ್ತು ಮುಂದಿನ ತಲೆಮಾರು

ಕರಿಪಟ್ಟೆಯನ್ನು ಏರಿಸಿದ ಆಕಸ್ಮಿಕ ಅದೊಂದನ್ನೇ ಏರಿಸಿ ಸುಮ್ಮನಿರುವುದಿಲ್ಲ ಎಂಬುದು ಈ ಪ್ರಕರಣದಲ್ಲಿ ನನ್ನನ್ನು ಹೆಚ್ಚು ಕಾಡುವ ಸಂಗತಿ. ಪ್ರತಿಯೊಂದು ಹುಲಿಯ ಜೀನೋಮಿನಲ್ಲೂ ಹಾನಿಕರ ಉತ್ಪರಿವರ್ತನೆಗಳು ಒಂದೊಂದೇ ಪ್ರತಿಯಾಗಿ ಅಡಗಿರುತ್ತವೆ. ದೊಡ್ಡ ಸಂತತಿಯಲ್ಲಿ ಅವು ಜೋಡಿಯಾಗುವುದು ಕಡಿಮೆ. ಪುಟ್ಟ ಸಂತತಿಯಲ್ಲಿ, ಕರಿಪಟ್ಟೆಯ ಪ್ರತಿಗಳು ಜೋಡಿಯಾದ ಹಾಗೆಯೇ, ರೋಗನಿರೋಧಕ ಶಕ್ತಿಯನ್ನೋ ಸಂತಾನಶಕ್ತಿಯನ್ನೋ ಕುಗ್ಗಿಸುವ ಪ್ರತಿಗಳೂ ಜೋಡಿಯಾಗುತ್ತವೆ. ಭಾರತದ ಹುಲಿಗಳ ಜೀನೋಮುಗಳನ್ನು ಹೋಲಿಸಿ ಉಮಾ ರಾಮಕೃಷ್ಣನ್ ಅವರ ಪ್ರಯೋಗಾಲಯ ಅದೇ 2021ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನ, ಪುಟ್ಟ ಒಂಟಿ ಸಂತತಿಯಲ್ಲಿ ಒಟ್ಟು ಹಾನಿಕರ ರೂಪಗಳ ಸಂಖ್ಯೆ ತಗ್ಗಿದ್ದರೂ ಉಳಿದುಕೊಂಡವುಗಳ ಪ್ರಮಾಣ ಏರಿರುತ್ತದೆ ಎಂದು ತೋರಿಸಿತು. ಕರಿಪಟ್ಟೆಯನ್ನು ನಾವು ಗಮನಿಸಿದ್ದು ಅದು ಮೈಮೇಲಿರುವುದರಿಂದ. ಮೈಮೇಲಿಲ್ಲದವುಗಳಿಗೆ ಕ್ಯಾಮೆರಾ ಇಲ್ಲ.

ಈ ಹಿನ್ನೆಲೆಯಲ್ಲಿ 2024ರಲ್ಲಿ ಹೊರಗಿನ ಹುಲಿಗಳನ್ನು ತಂದು ಬಿಡುವ ಕೆಲಸ ನಡೆಯಿತು. ಮಹಾರಾಷ್ಟ್ರದ ತಾಡೋಬಾದಿಂದ ಅಕ್ಟೋಬರಿನಲ್ಲಿ ಜಮುನಾ, ನವೆಂಬರಿನಲ್ಲಿ ಜೀನತ್ ಎಂಬ ಎರಡು ಹೆಣ್ಣು ಹುಲಿಗಳು ಸಿಮಿಲಿಪಾಲಕ್ಕೆ ಬಂದವು. ಸಾವಿರಾರು ವರ್ಷ ಕಾಡಿನ ದಾರಿಗಳು ತಾವಾಗಿ ಮಾಡುತ್ತಿದ್ದ ಕೆಲಸವನ್ನು, ಎಂದರೆ ಸಂತತಿಯಿಂದ ಸಂತತಿಗೆ ವಂಶವಾಹಿಗಳ ಹರಿವನ್ನು, ಮನುಷ್ಯ ಲಾರಿಯಲ್ಲಿ ಮಾಡಬೇಕಾಗಿ ಬಂದ ಸಂದರ್ಭವಿದು. ಜೀನತ್ ಅಲ್ಲಿ ನೆಲೆ ನಿಲ್ಲದೆ ಜಾರ್ಖಂಡ್ ದಾಟಿ ಪಶ್ಚಿಮ ಬಂಗಾಳದ ಪುರುಲಿಯಾ, ಬಾಂಕುರಾ ಜಿಲ್ಲೆಗಳವರೆಗೆ ಅಲೆಯಿತು. ಡಿಸೆಂಬರ್ 29ರಂದು ಅರಿವಳಿಕೆ ನೀಡಿ ಅದನ್ನು ಹಿಡಿದು ಮತ್ತೆ ಸಿಮಿಲಿಪಾಲಕ್ಕೆ ತರಲಾಯಿತು. ಪತ್ರಿಕೆಗಳಲ್ಲಿ ಅದು ತಪ್ಪಿಸಿಕೊಂಡ ಹುಲಿಯ ಸುದ್ದಿಯಾಗಿ ಬಂತು. ನನಗೆ ಅದರಲ್ಲಿ ಕಂಡದ್ದು, ಊರುಗಳ ನಡುವೆ ಹುಲಿಯೊಂದು ಈಗಲೂ ನಡೆದುಹೋಗಬಲ್ಲ ದಾರಿ ಅಷ್ಟಿಷ್ಟು ಉಳಿದಿದೆ ಎಂಬುದು. ಆ ದಾರಿಯನ್ನು ಉಳಿಸಿಕೊಳ್ಳುವುದು ಹುಲಿಯನ್ನು ಹೊತ್ತು ತರುವುದಕ್ಕಿಂತ ಕಷ್ಟದ ಕೆಲಸ, ಆದರೆ ಹೆಚ್ಚು ಬಾಳಿಕೆಯದು.

ಹೊರಗಿನ ಹುಲಿಗಳು ಬಂದರೆ ಒಡಿಶಾದ ಹೆಮ್ಮೆಯಾದ ಕಪ್ಪು ಹುಲಿ ಅಳಿದುಹೋಗುವುದಿಲ್ಲವೇ ಎಂಬ ಆತಂಕ ಸಹಜವಾದದ್ದು; ಅದಕ್ಕೆ ಲೆಕ್ಕದಲ್ಲೇ ಉತ್ತರವಿದೆ. ಮರಿಹಾಕುವ 10 ಹುಲಿಗಳಲ್ಲಿ ಬದಲಾದ ಪ್ರತಿಯ ಪಾಲು 0.58 ಇರುವಾಗ, ಅದಿಲ್ಲದ ಎರಡು ಹುಲಿಗಳು ಸೇರಿಕೊಂಡು ಎಲ್ಲವೂ ಸಮಾನವಾಗಿ ಮರಿಹಾಕಿದರೆ, ಪಾಲು 0.48ಕ್ಕೆ ಇಳಿಯುತ್ತದೆ, ಕರಿಪಟ್ಟೆಯ ಮರಿಗಳ ನಿರೀಕ್ಷಿತ ಪ್ರಮಾಣ ಮೂರರಲ್ಲಿ ಒಂದರಿಂದ ನಾಲ್ಕರಲ್ಲಿ ಒಂದರ ಸಮೀಪಕ್ಕೆ ಬರುತ್ತದೆ. ಕಡಿಮೆಯಾಗುತ್ತದೆ, ಮಾಯವಾಗುವುದಿಲ್ಲ. ಬಣ್ಣವನ್ನು ಉಳಿಸುವ ಹಟದಿಂದ ಕರಿಪಟ್ಟೆಯ ಹುಲಿಗಳನ್ನೇ ಒಂದಕ್ಕೊಂದು ಕೂಡಿಸಿ ಬೆಳೆಸಹೊರಟರೆ ಏನಾಗುತ್ತದೆ ಎಂಬುದನ್ನು ಬಿಳಿ ಹುಲಿಗಳ ಇತಿಹಾಸ ಹೇಳುತ್ತದೆ. 1951ರಲ್ಲಿ ಮಧ್ಯಪ್ರದೇಶದ ರೇವಾದಲ್ಲಿ ಹಿಡಿದ ಮೋಹನ್ ಎಂಬ ಒಂದು ಗಂಡಿನಿಂದ ಆರಂಭಿಸಿ, ತಂದೆ ಮಗಳನ್ನು ಕೂಡಿಸಿ ಬೆಳೆಸಿದ ಆ ವಂಶ ಇಂದಿಗೂ ಮೃಗಾಲಯಗಳಲ್ಲಿ ರಕ್ತಸಂಬಂಧದ ಕೂಡಿಕೆಯ ಹೊರೆಯನ್ನು ಹೊತ್ತಿದೆ.

ಜಮುನಾ ಯಾವ ಗಂಡಿನೊಡನೆ ಕೂಡಿದರೂ, ಅದು ಅಪ್ಪಟ ಕರಿಪಟ್ಟೆಯದೇ ಆಗಿದ್ದರೂ, ಮೊದಲ ಸೂಲಿನ ಎಲ್ಲ ಮರಿಗಳ ಪಟ್ಟೆಯೂ ಸಾಮಾನ್ಯವಾಗಿಯೇ ಇರುತ್ತದೆ. ತಂದೆ ಕರಿಪಟ್ಟೆಯದಾಗಿದ್ದರೆ ಕಪ್ಪು ಅವುಗಳೊಳಗೆ ಒಂದೊಂದು ಪ್ರತಿಯಾಗಿ ಅಡಗಿರುತ್ತದೆ. ಆ ಮರಿಗಳು ಬೆಳೆದು ಕಾಡಿನ ಕರಿಪಟ್ಟೆಯ ಹುಲಿಗಳ ಜೊತೆ ಕೂಡಿದಾಗ ಹುಟ್ಟುವವುಗಳಲ್ಲಿ ಸರಾಸರಿ ಅರ್ಧ ಮತ್ತೆ ಕಪ್ಪಾಗಿರುತ್ತವೆ. ಆದ್ದರಿಂದ ಬರುವ ಗಣತಿಯ ಚಿತ್ರಗಳಲ್ಲಿ ಕರಿಪಟ್ಟೆ ವಿರಳವಾದರೆ ಅದನ್ನು ನಷ್ಟವೆಂದು ಬರೆಯುವ ಮೊದಲು, ಸಾಮಾನ್ಯ ಪಟ್ಟೆಯ ಮರಿಗಳು ಹೋದ ದಾರಿಯಿಂದ ಹಿಕ್ಕೆಯನ್ನು ಎತ್ತಿ ತಂದು, ಟ್ಯಾಕ್‌ಪೆಪ್‌ನ 1360ನೆಯ ಸ್ಥಾನದಲ್ಲಿ ಯಾವ ಅಕ್ಷರವಿದೆ ಎಂದು ಓದಿ ನೋಡಬೇಕಾಗುತ್ತದೆ.